ತೋಳಿನ ಉಳಿತಾಯ ಖಾತೆ



ಹೋದ ವರ್ಷದ ಜೂನ್ ತಿಂಗಳ ಮಾತು. ಉಜಿರೆಯ ಮಳೆ ಕಂಡವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕಡಲಿನ ಕಡೆಯಿಂದ ಬಂದ ಮೋಡ ಚಾರ್ಮಾಡಿಯ ಬೆಟ್ಟಕ್ಕೆ ತಾಗಿ ನಮ್ಮ ತಲೆಯ ಮೇಲೆಯೇ ಖಾಲಿಯಾಗುತ್ತದೆ. ಆ ಸಲ ಗಾಳಿಗೆ ಮರ ಬಿದ್ದು, ತಂತಿ ತುಂಡಾಗಿ, ಮೂರು ದಿನ ಕರೆಂಟ್ ಇರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಟ್ಯಾಂಕಿಯ ನೀರು ಮುಗಿಯಿತು. ಸುತ್ತಲೂ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ.

“ಬಾವಿ ಉಂಟಲ್ಲ, ನಾನು ಸೇದಿಕೊಡ್ತೇನೆ” ಎಂದು ಗತ್ತಿನಿಂದ ಹೊರಟೆ. ಪಂಪ್ ಬಂದ ಮೇಲೆ ಮೂಲೆ ಸೇರಿದ್ದ ಬಳ್ಳಿಯನ್ನು ಬಿಡಿಸಿ, ರಾಟೆಗೆ ಹಾಕಿ, ಕೊಡಪಾನ ಇಳಿಸಿದೆ. ಮಳೆಗಾಲವಾದ್ದರಿಂದ ನೀರು ಹತ್ತು ಹನ್ನೆರಡು ಅಡಿಗೇ ಸಿಕ್ಕಿತು. ಎಳೆಯತೊಡಗಿದೆ. ಐದನೆಯ ಎಳೆತಕ್ಕೆ ತೋಳು ನಡುಗಿತು. ಏಳನೆಯದಕ್ಕೆ ಕೈ ಸೋತಿತು. ಬಳ್ಳಿ ಅಂಗೈಯನ್ನು ಸುಡುತ್ತ ಜಾರಿ, ಕೊಡಪಾನ ದಡಾರನೆ ಕೆಳಗೆ ಹೋಯಿತು.

ಆರನೆಯ ತರಗತಿಯ ನನ್ನ ಮೊಮ್ಮಗಳು ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. “ಎಂತ ಅಜ್ಜ, ಆಗುದಿಲ್ವಾ?” ಎಂದಳು. ನಾನು ಬಳ್ಳಿಯ ಮೇಲೆ ತಪ್ಪು ಹೊರಿಸಿದೆ, ಒದ್ದೆಯಾಗಿತ್ತು ಎಂದೆ. ನನಗಿಂತ ಐದು ವರ್ಷ ಚಿಕ್ಕವಳಾದ ನನ್ನ ಹೆಂಡತಿ ಬಂದು, ಸೆರಗು ಸಿಕ್ಕಿಸಿ, ಅದೇ ಒದ್ದೆ ಬಳ್ಳಿಯಲ್ಲಿ ನಾಲ್ಕು ಕೊಡ ನೀರು ಎತ್ತಿದಳು. ಎಲ್ಲರೂ ನಕ್ಕೆವು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಆಟಿ ತಿಂಗಳ ಒಂದು ಮಧ್ಯಾಹ್ನ ಹೆಂಡತಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಮಗಳು ಕೆಲಸಕ್ಕೆ ಹೋಗಿದ್ದಳು, ಮೊಮ್ಮಗಳು ಶಾಲೆಗೆ. ನಾನು ಓಡಿಹೋಗಿ ಅವಳ ಎರಡೂ ತೋಳು ಹಿಡಿದು ಎತ್ತಲು ನೋಡಿದೆ. ಆಗಲಿಲ್ಲ. ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದೆ. ಅದೂ ಆಗಲಿಲ್ಲ. ಮೂರನೆಯ ಸಲ ನಾನೇ ಜಾರಿದೆ, ಗೋಡೆ ಹಿಡಿದು ಹೇಗೋ ಉಳಿದುಕೊಂಡೆ. ಆಗ ಅವಳು, “ಬಿಡಿ, ನೀವೂ ಬೀಳುವುದು ಬೇಡ. ಇಲ್ಲೇ ನನ್ನ ಹತ್ತಿರ ಕೂತುಕೊಳ್ಳಿ” ಎಂದಳು.

ಕೂತೆ. ಪಕ್ಕದ ಮನೆಯ ಹುಡುಗನಿಗೆ ಫೋನ್ ಮಾಡಿದ್ದೆ. ಅವನು ಬೆಳ್ತಂಗಡಿಯಿಂದ ಬರುವವರೆಗೆ ಇಪ್ಪತ್ತೈದು ನಿಮಿಷ ಒದ್ದೆ ನೆಲದಲ್ಲಿ ಇಬ್ಬರೂ ಕೂತಿದ್ದೆವು. ದೇವರ ದಯೆ, ಮೂಳೆ ಮುರಿದಿರಲಿಲ್ಲ. ಆದರೆ ಆ ಇಪ್ಪತ್ತೈದು ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ. ನಲವತ್ತೇಳು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯನ್ನು ನೆಲದಿಂದ ಎಬ್ಬಿಸುವಷ್ಟು ಬಲವೂ ಇಲ್ಲವೆಂದರೆ!

ನಾನು ಸೋಮಾರಿಯಲ್ಲ ಎಂಬುದು ನನ್ನ ಜಂಬವಾಗಿತ್ತು. ನಿವೃತ್ತನಾದ ಮೇಲೆ ದಿನವೂ ಬೆಳಿಗ್ಗೆ ಜನಾರ್ದನ ಸ್ವಾಮಿ ದೇವಸ್ಥಾನದ ಕಡೆಗೆ ನಡೆದು ಬರುತ್ತೇನೆ. ಹೋಗಿ ಬಂದರೆ ನಾಲ್ಕು ಕಿಲೋಮೀಟರು. ಮಳೆಗಾಲದಲ್ಲೂ ಕೊಡೆ ಹಿಡಿದು ಹೋಗುತ್ತೇನೆ. ಹಾಗಿರುವಾಗ ಈ ಬಲ ಎಲ್ಲಿಗೆ ಹೋಯಿತು?

ಹೆಂಡತಿಯನ್ನು ತೋರಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿನ ಫಿಸಿಯೋಥೆರಪಿಯ ಹುಡುಗಿಯನ್ನು ಅದನ್ನೇ ಕೇಳಿದೆ. ಅವಳು ಇಕ್ಕಳದಂಥ ಒಂದು ಉಪಕರಣವನ್ನು ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಚುಕಲು ಹೇಳಿದಳು. ಮುಳ್ಳು 22 ಕಿಲೋ ತೋರಿಸಿತು. “ನಮ್ಮ ಏಷ್ಯಾದ ಗಂಡಸರಿಗೆ 28 ಕಿಲೋಗಿಂತ ಕೆಳಗೆ, ಹೆಂಗಸರಿಗೆ 18ಕ್ಕಿಂತ ಕೆಳಗೆ ಇದ್ದರೆ ಹಿಡಿತ ಕಡಿಮೆ ಅಂತ ಲೆಕ್ಕ. ಅಜ್ಜ, ನಿಮ್ಮ ಕಾಲಿಗೆ ಅರವತ್ತು ವರ್ಷ, ಕೈಗೆ ಮಾತ್ರ ತೊಂಬತ್ತು” ಎಂದಳು. ನಗುತ್ತಲೇ ಹೇಳಿದರೂ ಅದು ನನಗೆ ನಾಟಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕ ಹಾಕದೆ ಇರಲು ಬರುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಒಂದೊಂದು ಲೆಡ್ಜರೂ ಒಂದೊಂದು ಹಲಗೆಯಂತೆ ಭಾರ. ಬೆಳಿಗ್ಗೆ ಅವನ್ನು ಹೊರತರಬೇಕು, ಸಂಜೆ ಒಳಗಿಡಬೇಕು. ನಾಣ್ಯದ ಚೀಲಗಳನ್ನು ಎತ್ತಬೇಕು. ಮನೆಗೆ ಬಂದರೆ ಬಾವಿಯಿಂದ ನೀರು, ಬಚ್ಚಲ ಒಲೆಗೆ ಸೌದೆ, ದೋಸೆಗೆ ಹಿಟ್ಟು ರುಬ್ಬುವ ಕಲ್ಲು, ತೋಟದಿಂದ ಅಡಿಕೆ ಹೊರುವುದು. ಇದಕ್ಕೆ ಯಾರೂ ವ್ಯಾಯಾಮ ಎನ್ನುತ್ತಿರಲಿಲ್ಲ, ಕೆಲಸ ಎನ್ನುತ್ತಿದ್ದರು. ಆಮೇಲೆ ಒಂದೊಂದಾಗಿ ಪಂಪ್ ಬಂತು, ಗ್ಯಾಸ್ ಬಂತು, ಗ್ರೈಂಡರ್ ಬಂತು, ಬ್ಯಾಂಕಿಗೆ ಕಂಪ್ಯೂಟರ್ ಬಂತು. ಒಳ್ಳೆಯದೇ ಆಯಿತು. ರುಬ್ಬುವ ಕಲ್ಲಿನ ಮುಂದೆ ಕೂತ ಹೆಂಗಸರ ಸೊಂಟದ ನೋವು ನನಗೆ ಗೊತ್ತುಂಟು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಆದರೆ ಕೈಗೆ ಬರುತ್ತಿದ್ದ ಜಮೆ ನಿಂತುಹೋದದ್ದು ನನ್ನ ಗಮನಕ್ಕೇ ಬರಲಿಲ್ಲ. ನಡಿಗೆಯ ಜಮೆ ಕಾಲಿಗೂ ಹೃದಯಕ್ಕೂ ಹೋಗುತ್ತದೆ. ತೋಳಿನ ಖಾತೆಗೆ ಅದರಿಂದ ಸಿಗುವುದು ಬಹಳ ಕಡಿಮೆ.

ಖರ್ಚು ಮಾತ್ರ ನಿಲ್ಲುವುದಿಲ್ಲ. ಮೂವತ್ತು ವರ್ಷ ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ನಮ್ಮ ಸ್ನಾಯುಗಳು ನೂರಕ್ಕೆ ಮೂರರಿಂದ ಎಂಟು ಪಾಲಿನಷ್ಟು ಕರಗುತ್ತವೆ, ಅರವತ್ತರ ನಂತರ ಇನ್ನೂ ಬೇಗ. ವೈದ್ಯರು ಇದಕ್ಕೆ ಸಾರ್ಕೋಪೀನಿಯಾ ಎಂದು ಹೆಸರಿಟ್ಟಿದ್ದಾರೆ. ಮಕ್ಕಳೇ, ಹೆಸರು ದೊಡ್ಡದು, ಅರ್ಥ ಇಷ್ಟೇ: ಮಾಂಸದ ಬಡತನ.

2015ರಲ್ಲಿ ನಮ್ಮ ದೇಶವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಕೈಹಿಡಿತವನ್ನು ಅಳೆದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಹಿಡಿತ 5 ಕಿಲೋ ಕಡಿಮೆಯಾದ ಹಾಗೆಲ್ಲ ಸಾವಿನ ಅಪಾಯ ನೂರಕ್ಕೆ 16ರಷ್ಟು ಹೆಚ್ಚಿತ್ತು. ಹೆದರಬೇಡಿ. ಕೈ ಹಿಚುಕಿದರೆ ಆಯುಷ್ಯ ಬೆಳೆಯುತ್ತದೆ ಎಂದು ಇದರ ಅರ್ಥವಲ್ಲ. ಹಿಡಿತ ಎಂಬುದು ದೇಹದ ಪಾಸ್‌ಬುಕ್ ಇದ್ದ ಹಾಗೆ. ಒಳಗೆ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ, ಅಷ್ಟೆ.

ಹಾಗಾದರೆ ಎಪ್ಪತ್ತು ದಾಟಿದ ಮೇಲೆ ಹೊಸದಾಗಿ ಜಮೆ ಮಾಡಲು ಆಗುತ್ತದೆಯೇ? ಇದೇ ನನ್ನ ದೊಡ್ಡ ಪ್ರಶ್ನೆಯಾಗಿತ್ತು. 1990ರಲ್ಲಿ ಅಮೆರಿಕದ ವೈದ್ಯರು ವೃದ್ಧಾಶ್ರಮದ ಹತ್ತು ಮಂದಿಯಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90. ಎಂಟು ವಾರ ಕಳೆದಾಗ ಪೂರ್ತಿ ಮುಗಿಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ನಮ್ಮದೇ ದೇಶದ ಭಗವಾನಿ ದೇವಿ ಡಾಗರ್ ಎಂಬ ಅಜ್ಜಿ 2022ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ, ಫಿನ್ಲೆಂಡಿನಲ್ಲಿ ನಡೆದ ಹಿರಿಯರ ವಿಶ್ವ ಕ್ರೀಡಾಕೂಟಕ್ಕೆ ಹೋಗಿ ನೂರು ಮೀಟರ್ ಓಟದಲ್ಲಿ ಚಿನ್ನ, ಗುಂಡು ಎಸೆತದಲ್ಲಿ ಕಂಚು ಗೆದ್ದು ಬಂದರು. ಖಾತೆ ಮುಚ್ಚಿಲ್ಲ, ವ್ಯವಹಾರವಿಲ್ಲದೆ ಸುಮ್ಮನೆ ಬಿದ್ದಿದೆ ಎಂದು ಗೊತ್ತಾಯಿತು. ಅಂಥ ಖಾತೆಗೆ ಮತ್ತೆ ಜೀವ ಕೊಡುವ ಕೆಲಸ ನನಗೆ ಹೊಸದೇನಲ್ಲ.

ಆದರೂ ಶುರುವಿನಲ್ಲೇ ಎಡವಿದೆ. ಉತ್ಸಾಹದಲ್ಲಿ ಐದೈದು ಕಿಲೋದ ಎರಡು ಡಂಬೆಲ್ ತಂದು, ಯಾರನ್ನೂ ಕೇಳದೆ, ಮೊದಲ ದಿನವೇ ತಲೆಯ ಮೇಲೆ ಎತ್ತಿದೆ. ಬಲಭುಜ ಹಿಡಿದುಕೊಂಡಿತು. ಮೂರು ವಾರ ಅಂಗಿ ಹಾಕಲು ಹೆಂಡತಿಯ ಸಹಾಯ ಬೇಕಾಯಿತು. ಫಿಸಿಯೋಥೆರಪಿಯ ಹುಡುಗಿ, “ಅಜ್ಜ, ಬ್ಯಾಂಕಿನಲ್ಲಿ ಹೊಸಬರಿಗೆ ಮೊದಲ ದಿನವೇ ದೊಡ್ಡ ಸಾಲ ಕೊಡ್ತಿದ್ರಾ?” ಎಂದು ಕೇಳಿದಳು. ನನ್ನ ಬಾಯಿ ಕಟ್ಟಿತು.

ಅವಳು ಬರೆದುಕೊಟ್ಟ ಪಾಠ ಬಹಳ ಸಣ್ಣದು. ಮೊಮ್ಮಗಳು ಅದಕ್ಕೊಂದು ನೋಟ್‌ಬುಕ್ ಮಾಡಿ, ಮೇಲೆ ‘ಅಜ್ಜನ ತೋಳು’ ಎಂದು ಬರೆದು, ತಾನೇ ಮ್ಯಾನೇಜರಾದಳು.

ಮೊದಲನೆಯದು, ಗೋಡೆ ತಳ್ಳುವುದು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಗೋಡೆಗೆ ಇಟ್ಟು, ಮೊಣಕೈ ಮಡಚಿ ಮೆಲ್ಲನೆ ಮುಂದಕ್ಕೆ ಬಾಗಬೇಕು, ಮತ್ತೆ ತಳ್ಳಿ ಹಿಂದಕ್ಕೆ ಬರಬೇಕು. ಎಂಟರಿಂದ ಹತ್ತು ಸಲ. ಎರಡನೆಯದು, ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂತು, ಕುರ್ಚಿಯ ಕೈಗಳನ್ನು ಒತ್ತಿ ದೇಹವನ್ನು ಸ್ವಲ್ಪ ಮೇಲಕ್ಕೆತ್ತುವುದು. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಮಗುಚುತ್ತದೆ. ಮೂರನೆಯದು, ನೀರು ತುಂಬಿದ ಬಾಟಲಿಯನ್ನು ಸೊಂಟದಿಂದ ಭುಜದವರೆಗೆ ಎತ್ತಿ ಇಳಿಸುವುದು. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಮಕ್ಕಳಿಗೆ ಗೊತ್ತೇ ಇದೆ. ಅರ್ಧ ಲೀಟರಿನಿಂದ ಶುರು ಮಾಡಿದೆ. ನಾಲ್ಕನೆಯದು, ಒದ್ದೆ ಬೈರಾಸು ಹಿಂಡುವುದು, ಬೆರಳಿನ ಹಿಡಿತಕ್ಕಾಗಿ. ಐದನೆಯದು ಎಳೆಯುವ ಕೆಲಸ. ಅದಕ್ಕೆ ನಮ್ಮಲ್ಲಿ ಬಾವಿ ಇತ್ತು. ಕಾಲು ಕೊಡಪಾನ ನೀರಿನಿಂದ ಶುರು.

ವಾರಕ್ಕೆ ಮೂರು ದಿನ ಇಷ್ಟು, ನಡುವೆ ಒಂದೊಂದು ದಿನ ಬಿಡುವು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲಕ್ಕೂ ಸಮತೋಲನಕ್ಕೂ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಡಿಗೆ ಇದರ ಜೊತೆಗೆ ಇರಬೇಕು, ಇದರ ಬದಲಿಗೆ ಅಲ್ಲ.

ಎರಡು ಎಚ್ಚರಿಕೆ. ಭಾರ ಎತ್ತುವಾಗ ಉಸಿರು ಕಟ್ಟಬಾರದು, ಕಟ್ಟಿದರೆ ರಕ್ತದ ಒತ್ತಡ ಏರುತ್ತದೆ. ಮೊಮ್ಮಗಳು ಗಟ್ಟಿಯಾಗಿ ಎಣಿಸಲು ಹೇಳುತ್ತಾಳೆ, ಬಾಯಲ್ಲಿ ಎಣಿಸುವವನಿಗೆ ಉಸಿರು ಕಟ್ಟಲು ಆಗುವುದಿಲ್ಲ. ಇನ್ನೊಂದು, ಸ್ನಾಯು ದಣಿಯಬಹುದು, ಆದರೆ ಕೀಲು ನೋಯಬಾರದು. ಎದೆಯಲ್ಲಿ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಬಿಪಿ, ಹೃದಯದ ತೊಂದರೆ ಇರುವವರು, ಕಣ್ಣಿನ ಅಥವಾ ಹೊಟ್ಟೆಯ ಆಪರೇಷನ್ ಆದವರು ಮೊದಲು ಅವರನ್ನು ಕೇಳಿಯೇ ಶುರು ಮಾಡಿ.

ಊಟದ ಮಾತನ್ನೂ ಹೇಳಿಬಿಡುತ್ತೇನೆ. ವಯಸ್ಸಾದ ಮೇಲೆ ನಾವು ಗಂಜಿ ಉಪ್ಪಿನಕಾಯಿಗೆ ಇಳಿದುಬಿಡುತ್ತೇವೆ. ಗೋಡೆ ಕಟ್ಟಲು ಕಲ್ಲು ಬೇಡವೇ? ಹೆಸರುಕಾಳು, ಹುರುಳಿ ಸಾರು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಇವುಗಳಲ್ಲಿ ಯಾವುದಾದರೊಂದು ಪ್ರತಿ ಊಟದಲ್ಲೂ ಇರಲಿ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಎರಡನೆಯ ತಿಂಗಳಿಗೆ ನನಗೆ ಬೇಸರ ಬಂತು. ಅರ್ಧ ಲೀಟರಿನ ಬಾಟಲಿ ಒಂದು ಲೀಟರಾಗಿತ್ತು, ಅಷ್ಟೆ. “ಇದೆಲ್ಲ ನಮ್ಮಂಥವರಿಗಲ್ಲ” ಎಂದೆ. ಆಗ ಮೊಮ್ಮಗಳು ತನ್ನ ಶಾಲೆಯಲ್ಲಿ ಕೇಳಿದ ಗುರುರಾಜ ಪೂಜಾರಿಯ ಕತೆ ಹೇಳಿದಳು. ನನಗೂ ಪತ್ರಿಕೆಯಲ್ಲಿ ಓದಿದ ನೆನಪಿತ್ತು.

ಗುರುರಾಜ ಕುಂದಾಪುರದ ಕಡೆಯ ಹಳ್ಳಿಯ ಹುಡುಗ. ತಂದೆ ವಾಹನ ಚಾಲಕರು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರ್ ಕುಸ್ತಿಯಲ್ಲಿ ಪದಕ ಗೆದ್ದದ್ದನ್ನು ನೋಡಿ ಈ ಹುಡುಗನಿಗೂ ಕುಸ್ತಿಯ ಆಸೆ ಹುಟ್ಟಿತು. ಓದಲು ನಮ್ಮ ಉಜಿರೆಯ ಎಸ್.ಡಿ.ಎಂ. ಕಾಲೇಜಿಗೆ ಬಂದಾಗ ತರಬೇತುದಾರರು ಅವನನ್ನು ಭಾರ ಎತ್ತುವುದಕ್ಕೆ ಹಚ್ಚಿದರು. 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, 56 ಕಿಲೋ ವಿಭಾಗದಲ್ಲಿ, ಸ್ನ್ಯಾಚ್‌ನಲ್ಲಿ 111, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, 61 ಕಿಲೋ ವಿಭಾಗದಲ್ಲಿ, ಒಟ್ಟು 269 ಕಿಲೋ ಎತ್ತಿ ಕಂಚು ತಂದರು. 56 ಕಿಲೋದ ಮನುಷ್ಯ 138 ಕಿಲೋ ಎತ್ತಿದರೆ ಅದು ತನ್ನ ತೂಕದ ಎಷ್ಟು ಪಟ್ಟು ಎಂದು ಮಕ್ಕಳು ಲೆಕ್ಕ ಹಾಕಿ ನೋಡಿ.

ಮೊಮ್ಮಗಳಿಗೆ ಮುಖ್ಯವಾಗಿದ್ದದ್ದು ಪದಕವಲ್ಲ. “ಅಜ್ಜ, ಆ 138 ಕಿಲೋ ಮೊದಲನೇ ಸಲ ಆಗ್ಲಿಲ್ಲ, ಎರಡನೇ ಸಲವೂ ಆಗ್ಲಿಲ್ಲ. ಮೂರನೇ ಸಲ, ಕೊನೇ ಸಲ, ಆಯ್ತು. ನಿಮ್ದು ಒಂದು ಲೀಟರ್ ಬಾಟ್ಲಿ” ಎಂದಳು. ಮರುದಿನ ಬಾಟಲಿ ಎತ್ತಿದೆ.

ಬಾವಿಯ ಹತ್ತಿರ ಅವಳೇ ನನಗೆ ವಿಜ್ಞಾನವನ್ನೂ ಹೇಳಿಕೊಟ್ಟಳು. ರಾಟೆ ಇರುವುದರಿಂದ ಭಾರ ಕಡಿಮೆಯಾಗುತ್ತದೆ ಎಂದು ಎಪ್ಪತ್ತು ವರ್ಷ ನಂಬಿದ್ದೆ. ಇಲ್ಲವಂತೆ. ಒಂದೇ ಸ್ಥಿರ ರಾಟೆ ಎಳೆಯುವ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಹತ್ತು ಲೀಟರ್ ನೀರಿದ್ದರೆ ಹತ್ತು ಕಿಲೋ ಮತ್ತು ಕೊಡಪಾನದ ಭಾರ, ಪೂರ್ತಿ ನಮ್ಮ ತೋಳಿಗೇ. ಮೇಲಿಂದ ಕೆಳಕ್ಕೆ ಎಳೆಯುವುದರಿಂದ ನಮಗೆ ಅನುಕೂಲ, ಅಷ್ಟೆ. ಇದನ್ನು ಕೇಳಿದ ಮೇಲೆ ನನ್ನ ಮೇಲೆ ನನಗೆ ಸ್ವಲ್ಪ ಗೌರವ ಬಂತು.

ಫಿಸಿಯೋಥೆರಪಿಯ ಹುಡುಗಿ ಇನ್ನೊಂದು ಸಂಗತಿ ಹೇಳಿದ್ದಳು. ಎತ್ತುವುದಷ್ಟೇ ವ್ಯಾಯಾಮವಲ್ಲ, ಮೆಲ್ಲನೆ ಇಳಿಸುವುದೂ ವ್ಯಾಯಾಮ, ಅದರಿಂದಲೂ ಸ್ನಾಯು ಬಲಿಯುತ್ತದೆ. ನನಗೆ ಬಾಹುಬಲಿಯ ನೆನಪಾಯಿತು. ನಮ್ಮ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ನಿಂತ 35 ಅಡಿಯ ಮೂರ್ತಿ ಇದೆ, ಧರ್ಮಸ್ಥಳದಲ್ಲಿ 39 ಅಡಿಯದು. ಬಾಹುಬಲಿ ಎಂದರೆ ತೋಳಿನಲ್ಲಿ ಬಲವುಳ್ಳವನು. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ತಲೆಯ ಮೇಲೆ ಎತ್ತಿದವನು ನೆಲಕ್ಕೆ ಬಡಿಯಲಿಲ್ಲ, ಮೆಲ್ಲನೆ ಕೆಳಗಿಳಿಸಿದ. ಅದು ಎಂಥ ಬಲ ಎಂದು ಒಂದು ಲೀಟರ್ ಬಾಟಲಿಯನ್ನು ನಾಲ್ಕು ಎಣಿಸುತ್ತ ಇಳಿಸಿ ನೋಡಿ, ಗೊತ್ತಾಗುತ್ತದೆ.

ವರ್ಷ ಕಳೆದ ಮೇಲೆ ಆಸ್ಪತ್ರೆಯಲ್ಲಿ ಮತ್ತೆ ಆ ಇಕ್ಕಳ ಹಿಚುಕಿದೆ. 27 ಕಿಲೋ. ಇನ್ನೂ ಒಂದು ಕಿಲೋ ಬಾಕಿ. “ಈಗ ಹೆಂಡತಿ ಬಿದ್ದರೆ ನಾನು ಎತ್ತಬಹುದೇ?” ಎಂದು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. “ಬೇಡ ಅಜ್ಜ. ಬಿದ್ದವರನ್ನು ಒಬ್ಬರೇ ತೋಳು ಹಿಡಿದು ಎಳೆಯಬಾರದು, ಇಬ್ಬರಿಗೂ ಪೆಟ್ಟು. ಅಜ್ಜಿ ತಾನಾಗಿ ಏಳಲು ಕಲಿಯಬೇಕು. ನೀವು ಕುರ್ಚಿ ತಂದಿಡಿ.”

ಆ ಪಾಠವನ್ನು ನಿಮಗೂ ಹೇಳುತ್ತೇನೆ. ಬಿದ್ದ ಕೂಡಲೇ ಏಳಬಾರದು. ಒಂದು ನಿಮಿಷ ಹಾಗೇ ಇದ್ದು, ಎಲ್ಲಿ ನೋವಿದೆ ಎಂದು ನೋಡಬೇಕು. ಹೆಚ್ಚು ನೋವಿದ್ದರೆ ಅಲುಗಾಡದೆ ಕೂಗಿ ಕರೆಯಬೇಕು. ನೋವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಕೈಗಳನ್ನು ನೆಲಕ್ಕೆ ಒತ್ತಿ ಮೈಯೆತ್ತಿ, ಮಗು ಅಂಬೆಗಾಲಿಡುವ ಹಾಗೆ ಗಟ್ಟಿ ಕುರ್ಚಿಯೊಂದರ ಹತ್ತಿರ ಹೋಗಬೇಕು. ಕುರ್ಚಿಯ ಮೇಲೆ ಎರಡೂ ಕೈ ಊರಿ, ಬಲವಿರುವ ಕಾಲನ್ನು ಮುಂದಿಟ್ಟು, ಒತ್ತಿ ಎದ್ದು, ತಿರುಗಿ ಅದರ ಮೇಲೆಯೇ ಕೂರಬೇಕು. ಇದರಲ್ಲಿ ಅರ್ಧ ಕೆಲಸ ತೋಳಿನದೇ. ಈಗ ಭಾನುವಾರ ಬೆಳಿಗ್ಗೆ ಚಾಪೆ ಹಾಸಿ ನಾವಿಬ್ಬರೂ ಬೀಳುವ, ಏಳುವ ಅಭ್ಯಾಸ ಮಾಡುತ್ತೇವೆ. ಮೊಮ್ಮಗಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಾಳೆ. ಹೆಂಡತಿಗೆ ಮಂಡಿನೋವು ಇರುವುದರಿಂದ ಅವಳು ಮಂಡಿಯ ಕೆಳಗೆ ತಲೆದಿಂಬು ಇಟ್ಟುಕೊಳ್ಳುತ್ತಾಳೆ. ಮೊದಲು ನಾಲ್ಕು ನಿಮಿಷ ಬೇಕಾಗುತ್ತಿತ್ತು, ಈಗ ಒಂದೂವರೆ ಸಾಕು.

ಈ ಸಲದ ದೀಪಾವಳಿಗೆ, ನೀರು ತುಂಬುವ ಸಂಜೆ, ಬಚ್ಚಲಿನ ಹಂಡೆಯನ್ನು ತೊಳೆದು, ಹಿಂಡ್ಲೆ ಬಳ್ಳಿ ಸುತ್ತಿ ಸಿಂಗರಿಸಿದೆವು. “ಪಂಪ್ ಹಾಕುದು ಬೇಡ” ಎಂದಳು ಮ್ಯಾನೇಜರು. ನಾನೇ ಬಾವಿಯಿಂದ ಸೇದಿದೆ. ಮುಕ್ಕಾಲು ಕೊಡಪಾನದಂತೆ ಆರು ಸಲ ಎಳೆದೆ, ನಡುವೆ ಎರಡು ಸಲ ಬಾವಿಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡೆ. ಏಳನೆಯದಕ್ಕೆ ಬಳ್ಳಿ ಹಿಡಿದಾಗ ಹೆಂಡತಿ ಬಂದು, “ಸಾಕು, ಕೊಡಿ ಇಲ್ಲಿ. ನನ್ನ ಖಾತೆಗೂ ಸ್ವಲ್ಪ ಬೀಳಲಿ” ಎಂದು ಬಳ್ಳಿ ತೆಗೆದುಕೊಂಡಳು. ಕೊಟ್ಟೆ.

ಮೊಮ್ಮಕ್ಕಳೇ, ಈ ವಾರದ ಮನೆಪಾಠ: ಮನೆಯ ಅಜ್ಜನಿಗೋ ಅಜ್ಜಿಗೋ ಒಂದು ನೋಟ್‌ಬುಕ್ ಮಾಡಿಕೊಡಿ. ಗೋಡೆಯ ಹತ್ತಿರ ನಿಲ್ಲಿಸಿ, ಪಕ್ಕದಲ್ಲಿ ನೀವೂ ನಿಂತು ಎಣಿಸಿ. ಸಂಖ್ಯೆ ಎಷ್ಟೇ ಆಗಲಿ, ತಾರೀಕು ಹಾಕಿ ಬರೆದಿಡಿ. ನಗಬೇಡಿ ಎಂದು ಹೇಳುವುದಿಲ್ಲ, ಆದರೆ ಎಣಿಕೆ ತಪ್ಪಬೇಡಿ. ಹಿರಿಯರೇ, ಮಕ್ಕಳು ಬರೆದದ್ದನ್ನು ತಿದ್ದಲು ಹೋಗಬೇಡಿ. ಬ್ಯಾಂಕಿನಲ್ಲೂ ಅದಕ್ಕೆ ಅವಕಾಶವಿರಲಿಲ್ಲ.